ಅಪ್ಪ ಕೀಬೋರ್ಡಿನಲ್ಲಿ ಬೀಟ್ ತಿರುಗಿದ್ದು

ಅಪ್ಪ ರಾತ್ರಿ ಊಟಕ್ಕೆ ಮನೆಯಲ್ಲಿದ್ದ ದಿನಗಳಿಗೆ ನಾನು ಡೈರಿಯಲ್ಲಿ ಒಂದೊಂದು ಗೆರೆ ಎಳೆಯುತ್ತೇನೆ. ಕುಣಿಗಲ್ ಠಾಣೆಯಲ್ಲಿದ್ದಾಗ ತಿಂಗಳಿಗೆ ಆರೇಳು ಗೆರೆ ಬೀಳುತ್ತಿದ್ದವು. ಹೆಡ್ ಕಾನ್‌ಸ್ಟೇಬಲ್ ಆಗಿ ಗುಬ್ಬಿಗೆ ಬಂದಾಗ, ತುಮಕೂರಿನ ನಮ್ಮ ಕ್ವಾರ್ಟರ್ಸ್‌ಗೆ ಹತ್ತಿರವಾಯಿತೆಂದು ಅಮ್ಮ ಖುಷಿಪಟ್ಟಳು. ಗೆರೆ ಒಂಬತ್ತಕ್ಕೆ ಏರಿತು, ಅಷ್ಟೇ.

ಈ ವರ್ಷ ಠಾಣೆಗೆ ಹೊಸ ಇನ್‌ಸ್ಪೆಕ್ಟರ್ ಬಂದರು. ದೂರು, ಬೀಟಿನ ವರದಿ ಎಲ್ಲವನ್ನೂ ಇನ್ನು ಅವರವರೇ ಕಂಪ್ಯೂಟರಿನಲ್ಲಿ ಟೈಪ್ ಮಾಡಬೇಕು, ತಿಂಗಳೊಳಗೆ ಕಲಿಯದವರಿಗೆ ಕೋರ್ಟ್ ಡ್ಯೂಟಿ ಎಂದರು. ಕೋರ್ಟ್ ಡ್ಯೂಟಿ ಎಂದರೆ ಫೈಲು, ಸಮನ್ಸು ಹಿಡಿದು ಓಡಾಡಿ ಸಂಜೆ ಆರಕ್ಕೆ ಮನೆ. ಅಮ್ಮನಿಗೆ ಇದರಲ್ಲಿ ಶಿಕ್ಷೆ ಯಾವುದೆಂದು ಅರ್ಥವಾಗಲಿಲ್ಲ.

ಅಪ್ಪನಿಗೆ ಆಗಿತ್ತು. ಚೇಳೂರಿನಿಂದ ಹಾಗಲವಾಡಿಯವರೆಗೆ ಅವನು ಗಸ್ತು ತಿರುಗುವ ಬೀಟು; ಅಲ್ಲಿ ಯಾರಿಗೆ ಯಾರ ಮೇಲೆ ಯಾಕೆ ಮುನಿಸು ಎಂಬುದೆಲ್ಲ ಅವನ ಬಾಯಲ್ಲಿತ್ತು.

"ಆ ಹಳ್ಳಿಗಳ್ನ ಬುಟ್ಟು ಫೈಲ್ ಹೊರ್ಲೇನವ್ವಾ? ನೀನೇ ಕಲಿಸ್ಕೊಡು."

ದಿನವೂ ಬೀಳುವ ಗೆರೆಯ ಆಸೆ ನನಗೂ ಇತ್ತು. ಆದರೂ ದಿನಾ ಬೆಳಗ್ಗೆ ಆರಕ್ಕೆ ಕಲಿಸಲು ಕೂತೆ.

ಮೊದಲ ದಿನ: ನಿಮಿಷಕ್ಕೆ ಎರಡು ಪದ, ಒಟ್ಟು ಬೈಗುಳ ಐದು. ಎರಡನೆಯ ದಿನ: ಪದ ಎರಡೇ, ಬೈಗುಳ ಒಂಬತ್ತು. ಮೂರನೆಯ ದಿನ ನನಗೊಂದು ಉಪಾಯ ಹೊಳೆಯಿತು.

"ಅಪ್ಪ, ಇದನ್ನೂ ಬೀಟ್ ಅಂದ್ಕೋ. ನಡುವಿನ ಸಾಲು ಮೇನ್ ರೋಡು. ಎಡಕ್ಕೆ ಚೇಳೂರು, ಬಲಕ್ಕೆ ಹಾಗಲವಾಡಿ."

"ಒತ್ತಕ್ಷರದ ಕೀ?"

"ಅದು ಚೆಕ್‌ಪೋಸ್ಟು. ಒತ್ತು ಬೇಕಂದ್ರೆ ಅಲ್ಲಿ ನಿಂತೇ ಮುಂದಕ್ಕೆ ಹೋಗ್ಬೇಕು."

ಅಪ್ಪ ಅಂದು ಬೈಯಲಿಲ್ಲ. ಪಾಠ ಮುಗಿದ ಮೇಲೆ ತೆರೆಯ ಮೇಲೆ ಹೀಗಿತ್ತು: 'ಬೆಳಗ್ಗೆ ಆರರಿಂದ ಆರೂವರೆಯವರೆಗೆ ಮೇನ್ ರೋಡಿನಲ್ಲಿ ಗಸ್ತು ತಿರುಗಿದ್ದು, ಯಾವುದೇ ಅಹಿತಕರ ಘಟನೆ ನಡೆದಿರುವುದಿಲ್ಲ.' ಅಳಿಸಿ ಅಳಿಸಿ ಬರೆದು ಮೂವತ್ತು ನಿಮಿಷಕ್ಕೆ ಒಂದೇ ವಾಕ್ಯ, ಆದರೆ ತಪ್ಪು ಸೊನ್ನೆ.

ಗಡುವಿನ ದಿನ ಚೇಳೂರಿನ ಅಜ್ಜಿಯೊಬ್ಬಳು ಠಾಣೆಗೆ ಬಂದಳಂತೆ. ಮೊಮ್ಮಗಳ ಫೋಟೋವನ್ನು ಯಾರೋ ಕೆಟ್ಟದಾಗಿ ತಿದ್ದಿ ವಾಟ್ಸಾಪಿನಲ್ಲಿ ಹರಡಿದ್ದರು. ಇನ್‌ಸ್ಪೆಕ್ಟರ್ ಅಪ್ಪನನ್ನೇ ಟೈಪಿಗೆ ಕೂರಿಸಿದರು. ಅಪ್ಪ ಒಂದೊಂದೇ ಅಕ್ಷರ ಹುಡುಕುವಷ್ಟರಲ್ಲಿ ಅಜ್ಜಿಗೆ ಧೈರ್ಯ ಬಂದು, ಮೊದಲು ಮುಚ್ಚಿಟ್ಟಿದ್ದನ್ನೂ ಹೇಳಿದಳು. ಫೋಟೋ ತಿದ್ದಿ ಹರಡಿದವನು ಅವರ ನೆಂಟನೇ.

ಸಂಜೆ ಏಳಕ್ಕೆ ಅಪ್ಪನ ಫೋನು.

"ಬೀಟ್ ಉಳೀತು ಕಣವ್ವ. ಸಾಹೇಬ್ರು ನಿಂದು ತುಂಬಾ ನಿಧಾನ ಕಣಯ್ಯ, ಆದ್ರೆ ಆ ನಿಧಾನಕ್ಕೇ ಅಜ್ಜಿ ಬಾಯ್ಬಿಟ್ಲು ಅಂದ್ರು. ಅದ್ಕೇ ಹೊಸ ಕಾನ್‌ಸ್ಟೇಬಲ್‌ನ ಜೊತೆಗೆ ಹಾಕವ್ರೆ. ಅವ್ನು ನಂಗೆ ಫೋನು, ಕಂಪ್ಯೂಟರ್ ಹೇಳ್ಕೊಡ್ಬೇಕು, ನಾನು ಅವ್ನಿಗೆ ಹಳ್ಳಿ ತೋರಿಸ್ಬೇಕು. ಈಗ ಹಾಗಲವಾಡಿಗೆ ಹೊಂಟಿದೀವಿ, ಊಟಕ್ಕೆ ಕಾಯ್ಬೇಡಿ."

ಡೈರಿಯಲ್ಲಿ ಬರೆದೆ: ಬೆಳಗಿನ ಪಾಠದಲ್ಲಿ ನಿಮಿಷಕ್ಕೆ ಏಳು ಪದ. ಊಟದ ಗೆರೆ ಇಲ್ಲ.

ಅಮ್ಮ ನನ್ನ ತಟ್ಟೆಗೆ ಎರಡು ಮುದ್ದೆ ಹಾಕಿದಳು. "ನೀನೇ ತಾನೆ ಕಲಿಸಿದ್ದು? ಅವರ ಪಾಲಿಂದೂ ನೀನೇ ಉಣ್ಣು."