ಎರಡು ಮೆಟ್ಟಿಲಿಗೂ ಒಂದೇ ಲೆಕ್ಕ

ಕಣ್ಣಿಗೆ ಕಾಣದ ಸುಖವನ್ನು ಅಳೆಯುವ ಸಮೀಕ್ಷೆಗೆಂದು ಎಪ್ಪತ್ತರ ದಶಕದಲ್ಲಿ ಬಂಡೂರಿಗೆ ಹೋಗಿದ್ದೆ. ಕರೆಂಟು ಬಂದಮೇಲೆ ಬದುಕು ಕಷ್ಟವೋ, ಪರವಾಗಿಲ್ಲವೋ, ಸುಖವೋ ಎಂಬುದು ಪ್ರಶ್ನೆ. ಕರೆಂಟು ಜನರನ್ನು ಕಷ್ಟದಿಂದ ಪರವಾಗಿಲ್ಲಕ್ಕೆ, ಅಲ್ಲಿಂದ ಸುಖಕ್ಕೆ, ಹೀಗೆ ಎರಡೂ ಮೆಟ್ಟಿಲು ಸಮನಾಗಿ ಹತ್ತಿಸುತ್ತದೆಂದು ಮಳವಳ್ಳಿ ಕಚೇರಿಯ ನಮ್ಮ ಲೆಕ್ಕಪಂಡಿತರು ಮೊದಲೇ ನಂಬಿಬಿಟ್ಟಿದ್ದರು. ಹಾಗಾದರೆ ಊರಿಗೆ ನಲ್ಲಿ ಬೇಡ, ಇನ್ನೆರಡು ಲೈಟುಕಂಬ ಸಾಕು ಎಂಬುದು ಅವರ ತೀರ್ಮಾನ.

ಕುರಿ ಸಾಕುವ ನಿಂಗಮ್ಮ ನಕ್ಕಳು. "ಕಷ್ಟ ಓಗಿ ಪರವಾಗಿಲ್ಲ ಅನ್ನಂಗಾಯ್ತು. ಸುಖಕ್ಕೆ ನೀರು ಬೇಕು ಕಣಮ್ಮ. ಬಲ್ಬು ಇಂಡುದ್ರೆ ನೀರು ಬತ್ತದಾ?"

ಎರಡು ಮೆಟ್ಟಿಲನ್ನೂ ಬೇರೆಬೇರೆಯಾಗಿ ಲೆಕ್ಕಹಾಕಿದೆ. ಕರೆಂಟಿನ ಪ್ರಭಾವ ಮೊದಲನೆಯದರಲ್ಲಿ ಎದ್ದು ಕಾಣುತ್ತಿತ್ತು, ಎರಡನೆಯದರಲ್ಲಿ ಮಂಗಮಾಯ. ಪಂಡಿತರಿಗೆ ತೋರಿಸಿದೆ.

"ಒಟ್ಟಾರೆ ಚೆನ್ನಾಗಿದೆಯಲ್ಲ, ಬಿಡೀಮ್ಮ" ಎಂದು ನಲ್ಲಿಯ ಫೈಲು ಮುಚ್ಚಿದರು.

ಅಂದು ಊಟವಾದ ಮೇಲೆ ಕಚೇರಿಯ ನಲ್ಲಿ ಒಣಗಿತ್ತು. ಪಂಡಿತರು ಎಂಜಲುಗೈ ಎತ್ತಿಕೊಂಡು "ನೀರು!" ಎಂದು ಕೂಗಿದರು. ನಾನು ಎದ್ದುಹೋಗಿ ದೀಪದ ಸ್ವಿಚ್ಚು ಹಾಕಿದೆ.