ಲೀಲಾ ಕೊಟ್ಟ ಗಂಜಿಯಲ್ಲಿ ತಪ್ಪಿರಲಿಲ್ಲ

ನನ್ನ ಹೊಟ್ಟೆಯೊಳಗಿನ ಹೊಲಿಗೆ ಸೋರಿದ್ದು ನನ್ನ ಹೆಂಡತಿ ಲೀಲಾ ಕೊಟ್ಟ ಗಂಜಿಯಿಂದ ಅಲ್ಲ. ಆ ಗಂಜಿಯನ್ನು ನಾನು ಕುಡಿದೇ ಇರಲಿಲ್ಲ — ಬಚ್ಚಲ ಮೋರಿಗೆ ಸುರಿದಿದ್ದೆ. ಸುರಿದು, ಹಂಪಸಾಗರದ ನಮ್ಮಕ್ಕನ ಮನೆಗೆ ಹೋಗಿ, ತಟ್ಟೆ ತುಂಬ ಗೋಧಿ ಹುಗ್ಗಿ ತಿಂದು ಬಂದಿದ್ದೆ. ಇದನ್ನು ನಾಲ್ಕು ವರ್ಷ ಯಾರಿಗೂ ಹೇಳಲಿಲ್ಲ. ಆ ನಾಲ್ಕು ವರ್ಷವೂ ಲೀಲಾ, ತನ್ನ ಕೈತಪ್ಪಿನಿಂದಲೇ ಗಂಡ ಸಾಯುವಷ್ಟರ ಮಟ್ಟಿಗೆ ಹೋದ ಎಂದು ನಂಬಿಕೊಂಡು ಬದುಕಿದಳು. ನಾನು ನಂಬಲು ಬಿಟ್ಟೆ.

ನಾನು ಕೊಟ್ಟೂರಿನವನು, ಸರ್ಕಾರಿ ಬಸ್ಸಿನ ಕಂಡಕ್ಟರ್. ಆಗ ನನ್ನ ತೂಕ ನೂರಾ ಮೂವತ್ತೆರಡು ಕೆ.ಜಿ. ಸಂತೆಯ ದಿನ ತುಂಬಿದ ಬಸ್ಸಿನಲ್ಲಿ ನಾನು ಹಿಂದಿನ ಬಾಗಿಲಿನಿಂದ ಮುಂದಕ್ಕೆ ಬರುವುದೆಂದರೆ ನಿಂತವರೆಲ್ಲ ಉಸಿರು ಬಿಗಿಹಿಡಿಯಬೇಕು. ತಂಬ್ರಹಳ್ಳಿಯ ಒಬ್ಬ ಅಜ್ಜಿಯಂತೂ ನನ್ನನ್ನು ಕಂಡ ಕೂಡಲೇ, "ನೀ ಅಲ್ಲೇ ನಿಂದ್ರಪ್ಪಾ, ರೊಕ್ಕ ಕೈಯಿಂದ ಕೈಗೆ ಕಳಸ್ತೀವಿ" ಅನ್ನುತ್ತಿದ್ದಳು. ಬಸ್ಸಿಗೆ ಬಸ್ಸೇ ನಗುತ್ತಿತ್ತು. ಎಲ್ಲರಿಗಿಂತ ಮೊದಲು ನಾನೇ ನಗುತ್ತಿದ್ದೆ — ದಪ್ಪಗಿರುವವರು ಇದನ್ನು ಬೇಗ ಕಲಿಯುತ್ತಾರೆ.

ಆದರೆ ಸಕ್ಕರೆ ಕಾಯಿಲೆ ಕೈಮೀರಿತ್ತು, ಮಲಗಿದರೆ ನಡುವೆ ಉಸಿರು ನಿಲ್ಲುತ್ತಿತ್ತು. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳಿ ಎಂದು ಡಾಕ್ಟರು ಹೇಳಿದಾಗ ನಾನು ಹಿಂದೆಮುಂದೆ ನೋಡಿದೆ. ಲೀಲಾ ನೋಡಲಿಲ್ಲ. ಹಟ ಹಿಡಿದು ಒಪ್ಪಿಸಿದಳು. ನಮ್ಮವ್ವ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. "ಉಂಡು ಮೈತುಂಬಿದ ಮಗನ ಹೊಟ್ಟಿ ಕೊಯ್ಸಾಕ ಹೊಂಟಾಳ" ಎಂದು ಮುಖ ತಿರುಗಿಸಿದಳು. ನನಗೋ ನಾಚಿಕೆ — ತಿನ್ನುವುದು ಬಿಡಲಾರದೆ ಹೊಟ್ಟೆ ಕತ್ತರಿಸಿಕೊಂಡ ಅನ್ನುತ್ತಾರಲ್ಲ ಎಂದು. ಹಾಗಾಗಿ ನೆಂಟರಿಗೆಲ್ಲ ಪಿತ್ತಕೋಶದ ಕಲ್ಲಿನ ಆಪರೇಷನ್ ಎಂದು ಹೇಳಿದೆವು. ಅಕ್ಕನಿಗೂ ಅಷ್ಟೇ ಗೊತ್ತು.

ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಜಠರದ ಮುಕ್ಕಾಲು ಪಾಲು ತೆಗೆದು, ಉಳಿದದ್ದನ್ನು ಒಂದು ಬಾಳೆಹಣ್ಣಿನಷ್ಟಕ್ಕೆ ಹೊಲಿದರು. ಮೂರು ವಾರ ಗಟ್ಟಿ ಪದಾರ್ಥ ಮುಟ್ಟುವಂತಿಲ್ಲ. ಸೋಸಿದ ಗಂಜಿ, ಬೇಳೆ ಕಟ್ಟು, ತಿಳಿ ಮಜ್ಜಿಗೆ, ಅದೂ ಗುಟುಕು ಗುಟುಕಾಗಿ. ಲೀಲಾ ತೆಳು ಬಟ್ಟೆಯಲ್ಲಿ ಎರಡೆರಡು ಸಲ ಗಂಜಿ ಸೋಸುತ್ತಿದ್ದಳು. ಒಂದು ಅಗುಳಿನ ಚೂರು ಕಂಡರೂ ಮತ್ತೆ ಸೋಸುತ್ತಿದ್ದಳು. ಗಡಿಯಾರ ನೋಡಿ ಲೋಟ ತಂದು ಮುಂದೆ ಹಿಡಿಯುತ್ತಿದ್ದಳು. ನಾನು ಸುಧಾರಿಸಿಕೊಳ್ಳುತ್ತಿದ್ದೆ — ಚೆನ್ನಾಗಿಯೇ ಸುಧಾರಿಸಿಕೊಳ್ಳುತ್ತಿದ್ದೆ.

ಹದಿನಾರನೆಯ ದಿನ ಶ್ರಾವಣ ಸೋಮವಾರ. ಕೂಡ್ಲಿಗಿಯಲ್ಲಿ ಲೀಲಾಳ ತಮ್ಮನ ಮಗುವಿಗೆ ಹೆಸರಿಡುವ ಕಾರ್ಯ. ಹೋಗಲು ಅವಳಿಗೆ ಮನಸ್ಸಿರಲಿಲ್ಲ, ನಾನೇ ಒತ್ತಾಯ ಮಾಡಿ ಕಳಿಸಿದೆ. ಬೆಳಿಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ಗಂಜಿ ಮಾಡಿ, ಸೋಸಿ, ಫ್ಲಾಸ್ಕಿಗೆ ತುಂಬಿಟ್ಟು ಹೋದಳು. ಅವ್ವ ಮಠಕ್ಕೆ ಹೋದರೆ ಬರುವುದು ಸಂಜೆಗೇ. ಮನೆಯಲ್ಲಿ ನಾನೊಬ್ಬನೇ. ಎದುರಿಗೆ ಫ್ಲಾಸ್ಕು. ಅದರ ಮುಚ್ಚಳ ತೆಗೆದೆ, ವಾಸನೆ ನೋಡಿದೆ... ಹದಿನಾರು ದಿನದಿಂದ ಅದೇ ವಾಸನೆ. ಬಚ್ಚಲಿಗೆ ಹೋಗಿ ಸುರಿದುಬಿಟ್ಟೆ. ಸುಮ್ಮನೆ ಒಂದು ಸುತ್ತು ಹೋಗಿಬರೋಣ ಎಂದುಕೊಂಡು ಬಸ್ಸು ಹತ್ತಿದೆ. ಸುಮ್ಮನೆ ಏನಲ್ಲ. ಶ್ರಾವಣ ಸೋಮವಾರ ಅಕ್ಕನ ಮನೆಯಲ್ಲಿ ಮಠದ ಅಯ್ಯನೋರನ್ನು ಕರೆದು ಹುಗ್ಗಿ ಮಾಡುತ್ತಾರೆಂದು ವರ್ಷವರ್ಷವೂ ತಿಂದವನಿಗೆ ಗೊತ್ತಿಲ್ಲವೇ?

ಅಕ್ಕ ನನ್ನನ್ನು ಕಂಡು ಹಿಗ್ಗಿದಳು. "ಬಂದ್ಯಲ್ಲೋ ತಮ್ಮಾ, ಎಷ್ಟ ಸೊರಗಿ!" ಎಂದು ಪಂಕ್ತಿಯಲ್ಲಿ ಅಯ್ಯನೋರ ಪಕ್ಕಕ್ಕೇ ಕೂರಿಸಿದಳು. ನಮ್ಮಲ್ಲಿ ಪ್ರಸಾದ ಬಿಡುವಂತಿಲ್ಲ. ತಟ್ಟೆಯನ್ನು ಬೆರಳಿನಿಂದ ಬಳಿದು, ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿಯಬೇಕು. ಬಹಳ ದಿನ ನನಗೆ ನಾನೇ ಹೇಳಿಕೊಂಡ ಸಮಾಧಾನ ಇದು — ಪ್ರಸಾದ, ಪಕ್ಕದಲ್ಲಿ ಅಯ್ಯನೋರು, ಬಿಡುವುದು ಹೇಗೆ, ಹಾಗಾಗಿ ತಿಂದೆ ಎಂದು. ನಿಜ ಬೇರೆ ಇದೆ. ಅಕ್ಕ ಒಂದು ಸೌಟು ಬಡಿಸಿ ಮುಂದಕ್ಕೆ ಹೋಗುತ್ತಿದ್ದಳು. ನಾನೇ ಕರೆದು, "ಅಕ್ಕಾ, ಇನ್ನೊಂದೀಟು ಹಾಕು. ತುಪ್ಪ ಬಿಡು" ಅಂದೆ. ಯಾವ ಅಯ್ಯನೋರೂ ನನಗೆ ತುಪ್ಪ ಕೇಳು ಎಂದು ಹೇಳಿರಲಿಲ್ಲ.

ಎಲ್ಲ ತಿಂದೆ. ಎದೆಯಲ್ಲಿ ಏನೋ ಒತ್ತಿದಂತಾದರೂ ತಿಂದೆ. ತಟ್ಟೆ ತೊಳೆದು ಕುಡಿದೆ. ಹೊರಡುವಾಗ, "ಬಂದಿದ್ದೆ ಅಂತ ಲೀಲಾಗ ಹೇಳಬ್ಯಾಡಕ್ಕ, ಹೊರಗ ಅಡ್ಡಾಡಬ್ಯಾಡ ಅಂದಾಳ, ಬೈತಾಳ" ಅಂದೆ. ಅಕ್ಕ ನಕ್ಕು ಹೂಂ ಅಂದಳು, ಹೇಳಲೂ ಇಲ್ಲ. ಆಪರೇಷನ್ ಎಂಥದ್ದೆಂದೇ ಗೊತ್ತಿಲ್ಲದ ಅವಳು ಆಮೇಲೆ ಆದದ್ದಕ್ಕೂ ತನ್ನ ಹುಗ್ಗಿಗೂ ಗಂಟು ಹಾಕುವ ಪ್ರಶ್ನೆಯೇ ಬರಲಿಲ್ಲ.

ಸಂಜೆ ಲೀಲಾ ಬಂದವಳೇ ಫ್ಲಾಸ್ಕು ಅಲ್ಲಾಡಿಸಿ ನೋಡಿದಳು. "ಎಲ್ಲಾ ಕುಡದ್ರೇನು?"

"ಹೂಂ."

ಅವಳ ಮುಖ ಅರಳಿತು. ಅಷ್ಟು ಸಣ್ಣ ಹೂಂ...

ಮರುದಿನ ಮಧ್ಯಾಹ್ನ ಎಡಭುಜದಲ್ಲಿ ನೋವು ಶುರುವಾಯಿತು. ಹೊಟ್ಟೆಯ ಆಪರೇಷನ್ನಿಗೂ ಭುಜಕ್ಕೂ ಏನು ಸಂಬಂಧ ಎಂದುಕೊಂಡೆ. ನೋಡನೋಡುತ್ತ ಜ್ವರ ಬಂತು, ಎದೆ ಡವಡವ ಹೊಡೆಯತೊಡಗಿತು, ಬೆವರು ಇಳಿಯಿತು. ಆಂಬುಲೆನ್ಸ್‌ನಲ್ಲಿ ದಾವಣಗೆರೆಗೆ ಸಾಗಿಸಿದರು. ಸ್ಕ್ಯಾನ್ ಮಾಡಿದರು. ಹೊಲಿಗೆ ಸೋರಿ ಹೊಟ್ಟೆಯೊಳಗೆ ಕೀವು ತುಂಬಿತ್ತು. ಡಾಕ್ಟರು ಕೇಳಿದರು, "ಗಟ್ಟಿಯಾಗಿ ಏನಾದ್ರೂ ತಿಂದ್ರಾ?"

ಲೀಲಾ ಪಕ್ಕದಲ್ಲೇ ನಿಂತಿದ್ದಳು. ನಾನು ಅಂದೆ, "ಅಕಿ ಕೊಟ್ಟಿದ್ದ ಬಿಟ್ಟು ಏನೂ ಮುಟ್ಟಿಲ್ರಿ."

ಇಷ್ಟೇ ಮಾತು. ನಾನು ಅವಳ ಮೇಲೆ ತಪ್ಪು ಹೊರಿಸಬೇಕೆಂದು ಹೇಳಿದ್ದಲ್ಲ — ಅಥವಾ — ಇಲ್ಲ, ಅದನ್ನು ಅಳೆಯುತ್ತ ಕೂರುವುದಿಲ್ಲ. ಅವಳ ಮುಖ ಬಿಳಿಚಿಕೊಂಡಿತು. "ನಂದ ತಪ್ಪು ರೀ ಡಾಕ್ಟ್ರೇ. ನಿನ್ನಿ ಬಸ್ಸಿಗೆ ಹೊತ್ತಾಗಿತ್ತು. ಒಂದ ಸಲ ಸೋಸಿದ್ದೆ" ಅಂದಳು. ಅಲ್ಲ ಎಂದು ಹೇಳಲು ನನಗೆ ಸಮಯವಿತ್ತು, ಪ್ರಜ್ಞೆ ಇತ್ತು, ನಾಲಿಗೆಯೂ ಇತ್ತು.

ನಲವತ್ತು ದಿನ ಆಸ್ಪತ್ರೆಯಲ್ಲಿದ್ದೆ, ಮೊದಲ ಕೆಲವು ದಿನ ಐಸಿಯುನಲ್ಲಿ. ಪಕ್ಕೆಯಿಂದ ಕೀವು ಹೋಗಲು ಒಂದು ನಳಿಗೆ, ಆಹಾರಕ್ಕೆ ಮೂಗಿನಲ್ಲಿ ಒಂದು ನಳಿಗೆ. ಒಂದು ದಿನ ಲೀಲಾ ಔಷಧಿ ತರಲು ಹೋಗಿದ್ದಾಗ ಡಾಕ್ಟರು, "ಎಲ್ಲಾ ಸರಿಯಾಗಿ ನೋಡಿಕೊಂಡ್ರೂ ಕೆಲವರಿಗೆ ಹೀಗೆ ಸೋರುತ್ತೆ, ಇಂಥದ್ದರಿಂದಲೇ ಅಂತ ಹೇಳೋಕಾಗಲ್ಲ" ಅಂದರು. ಆ ಮಾತು ನನಗೆ ಅಮೃತವಾಯಿತು. ಹುಗ್ಗಿಯಿಂದಲೇ ಆದದ್ದು ಎಂದೇನೂ ಇಲ್ಲವಲ್ಲ ಎಂದು ಹಾಯಾಗಿ ಕಣ್ಣು ಮುಚ್ಚಿದೆ. ಅದರಲ್ಲಿ ಅರ್ಧ ಮಾತನ್ನು ಲೀಲಾಗೆ ಹೇಳಿದ್ದರೂ ಅವಳ ಎದೆಯ ಭಾರ ಇಳಿಯುತ್ತಿತ್ತು. ಹೇಳಲಿಲ್ಲ. ಹೇಳಿದರೆ ಮಾತು ಬೆಳೆದು ಆ ದಿನದ ತನಕ ಬಂದೀತೆಂಬ ಭಯ.

ಮನೆಗೆ ಬಂದ ಮೇಲೆ ಅವ್ವ ಶುರುಮಾಡಿದಳು. ಹೊರಗಿನವರ ಮುಂದೆ ಅಲ್ಲ, ಮನೆಯೊಳಗೇ. ಸಾರಿಗೆ ಉಪ್ಪು ಹೆಚ್ಚಾದರೆ, "ಗಂಜಿ ಸೋಸಾಕ ಬರದಾಕಿ, ಇನ್ನ ಸಾರೇನು" ಅನ್ನುತ್ತಿದ್ದಳು. ಲೀಲಾ ಎದುರಾಡುತ್ತಿರಲಿಲ್ಲ. ಓಣಿಯಲ್ಲಿ ಯಾರ ಮನೆಯ ಕಾರ್ಯವಿದ್ದರೂ ಅಡುಗೆಗೆ ಮೊದಲು ಕರೆಯುತ್ತಿದ್ದುದು ಲೀಲಾಳನ್ನೇ. ಅವಳು ಹೋಗುವುದು ಬಿಟ್ಟಳು. ಸೊಂಟನೋವು ಎನ್ನುತ್ತಿದ್ದಳು. ಅವಳ ಸೊಂಟಕ್ಕೆ ಏನೂ ಆಗಿರಲಿಲ್ಲ.

ನಾನು ಮಾತ್ರ ಸುಖವಾಗಿದ್ದೆ. ಇದನ್ನೂ ಹೇಳಲೇಬೇಕು. ಮೊದಲ ವರ್ಷ ಕೂದಲು ಉದುರಿತು, ಒಂದು ತುತ್ತು ಹೆಚ್ಚಾದರೆ ವಾಂತಿ. ಆಮೇಲೆ ಮೈ ಹೊಂದಿಕೊಂಡಿತು. ಈಗ ಎಂಬತ್ತೊಂದು ಕೆ.ಜಿ. ಬಗ್ಗಿ ನನ್ನ ಬೂಟಿನ ಲೇಸು ನಾನೇ ಕಟ್ಟುತ್ತೇನೆ. ಬಸ್ಸಿನಲ್ಲಿ ಎಂಥ ಗದ್ದಲವಿದ್ದರೂ ಸಲೀಸಾಗಿ ನುಸುಳುತ್ತೇನೆ. ಅರ್ಧ ರೊಟ್ಟಿಯನ್ನು ಇಪ್ಪತ್ತು ನಿಮಿಷ ಅಗಿಯುತ್ತೇನೆ, ಜೋಳದ ರುಚಿ ಏನೆಂಬುದು ಐವತ್ತು ದಾಟಿದ ಮೇಲೆ ತಿಳಿಯಿತು. ಸಕ್ಕರೆ ಮಾತ್ರೆ ನಿಂತಿದೆ. ದಿನವೂ ಸಂತೋಷವಾಗಿಯೇ ಏಳುತ್ತೇನೆ. ಈ ಜೀವವನ್ನು ಕೊಟ್ಟವಳು ಲೀಲಾ. ಅವಳಿಗೆ ನಾನು ಕೊಟ್ಟದ್ದೇನು ಎಂಬುದು ಹೋದ ತಿಂಗಳು ಕಣ್ಣಿಗೆ ಬಿತ್ತು.

ಮಗಳು ಸವಿತಾ ಬಾಣಂತನಕ್ಕೆ ಬಂದವಳು ಇನ್ನೂ ಇಲ್ಲೇ ಇದ್ದಾಳೆ. ಕೂಸಿಗೆ ಆರು ತಿಂಗಳು ತುಂಬಿತು, ರಾಗಿ ಗಂಜಿ ಶುರುಮಾಡಬೇಕು. "ಅಮ್ಮಾ, ನೀನ ಮಾಡು" ಅಂದಳು ಸವಿತಾ. ಲೀಲಾ ಕೂಸಿನ ಪಾದ ನೇವರಿಸುತ್ತ ಹೇಳಿದಳು, "ನನ್ನ ಕೈಲೆ ಬ್ಯಾಡವಾ. ನಿಮ್ಮತ್ತಿಯರ ಬಂದು ಮಾಡ್ಲಿ. ನಾ ಸೋಸಿದ್ದು ಕೂಸಿನ ಹೊಟ್ಟಿಗೆ ಬ್ಯಾಡ."

ಸವಿತಾ ತಮಾಷೆಯೆಂದು ನಕ್ಕಳು. ನಾನು ಪಡಸಾಲೆಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದೆ. ಡ್ಯೂಟಿಗೆ ಹೋಗಲಾಗಲಿಲ್ಲ. ಡಿಪೋಗೆ ಫೋನು ಮಾಡಿ ರಜೆ ಹೇಳಿದೆ. ಸವಿತಾ ಕೂಸನ್ನು ಸ್ನಾನಕ್ಕೆ ಎತ್ತಿಕೊಂಡು ಹೋದ ಮೇಲೆ ಅಡುಗೆಮನೆಗೆ ಹೋಗಿ ಹೇಳಿದೆ, "ಲೀಲಾ, ಅವತ್ತಿನ ಗಂಜಿ ನಾ ಕುಡದಿಲ್ಲ. ಮೋರಿಗೆ ಚೆಲ್ಲೀನಿ. ಹಂಪಸಾಗರಕ್ಕ ಹೋಗಿ ಹುಗ್ಗಿ ಉಂಡು ಬಂದೀನಿ."

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಹೆಚ್ಚುತ್ತಿದ್ದ ಬದನೆಕಾಯಿ ಕೆಳಗಿಟ್ಟು ಕೇಳಿದಳು, "ಹಂಗಾದ್ರ ಒಂದ ಸಲ ಸೋಸಿದ್ದಕ್ಕ ಆಗಿದ್ದಲ್ಲ ಅದು?"

"ಅಲ್ಲ."

"ಅತ್ತಿ ಮುಂದ ಹೇಳ್ರಿ. ನಾನೂ ಅಲ್ಲೇ ಇರ್ತೀನಿ."

ಅವ್ವನ ಮುಂದೆ ಕೂತು ಎಲ್ಲ ಹೇಳಿದೆ, ತುಪ್ಪ ಕೇಳಿದ್ದನ್ನೂ ಬಿಡದೆ. ಅವ್ವ, "ಹೋಗ್ಲಿ ಬಿಡು ಅತ್ಲಾಗ. ಜೀವ ಉಳೀತಲ್ಲ, ಅಷ್ಟ ಸಾಕು" ಅಂದಳು.

ಆಗ ಲೀಲಾ, ದನಿ ಏರಿಸದೆ, "ಹೋಗ್ಲಿ ಬಿಡು ಅಂತ ನಾಲ್ಕು ವರ್ಷದಾಗ ನನಗ ಒಂದ ದಿನ ಅನ್ಲಿಲ್ರಿ ಅತ್ತಿ ನೀವು" ಅಂದಳು. ಅವ್ವ ತಲೆ ತಗ್ಗಿಸಿದಳು. ಮಾರನೆಯ ಬೆಳಿಗ್ಗೆ ತಾನೇ ಕೂಸನ್ನು ತಂದು ಲೀಲಾಳ ತೊಡೆಯ ಮೇಲೆ ಹಾಕಿ, "ನೀನ ಕುಡಸವಾ" ಅಂದಳು. ಲೀಲಾ ರಾಗಿ ಹಾಲು ಸೋಸಿ, ಕಾಸಿ, ಆರಿಸಿ ಕುಡಿಸಿದಳು. ಕೂಸು ಅರ್ಧ ನುಂಗಿತು, ಅರ್ಧ ಅವಳ ಸೀರೆಗೆ ಉಗಿಯಿತು. ಅವಳು ಮನಸಾರೆ ನಗುವುದನ್ನು ಎಷ್ಟೋ ಕಾಲದ ಮೇಲೆ ನೋಡಿದೆ. ನನ್ನ ಕಡೆ ತಿರುಗಿ ನಗಲಿಲ್ಲ. ಅದು ಸರಿಯೇ.

ಅಕ್ಕನಿಗೂ ಹೇಳಬೇಕಿತ್ತು. ಅವ್ವನ ಬಾಯಿಂದ ವಿಷಯ ಕೇಳಿ, ತನ್ನ ಹುಗ್ಗಿಯಿಂದಲೇ ಹೀಗಾಯಿತೆಂದು ಅವಳು ಕೊರಗಬಾರದು, ತಪ್ಪು ನನ್ನದೆಂದು ಎದುರಿಗೇ ಹೇಳಬೇಕು. ಮೊನ್ನೆ ಲೀಲಾ ತಾನೂ ಬರುತ್ತೇನೆಂದಳು. ಹಗರಿಬೊಮ್ಮನಹಳ್ಳಿಯವರೆಗೆ ನನ್ನದೇ ಬಸ್ಸು, ಅಲ್ಲಿಗೆ ನನ್ನ ಡ್ಯೂಟಿ ಮುಗಿಯುತ್ತದೆ, ಮುಂದಿನ ಬಸ್ಸಿಗೆ ಇಬ್ಬರೂ ಹತ್ತುವುದೆಂದು ಮಾತಾಯಿತು. ಅವಳು ಮೂರನೆಯ ಸಾಲಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಳು. ಟಿಕೆಟ್ ಕೊಡುತ್ತ ಅವಳ ಬಳಿಗೆ ಬಂದೆ. ಟಿಕೆಟ್ ತೆಗೆದುಕೊಂಡು, ನನ್ನನ್ನು ನೋಡದೆ ಕೇಳಿದಳು.

"ಐಸಿಯುನಿಂದ ಹೊರಗ ತಂದ ದಿನ, ನಿಮ್ಮ ಕಾಲು ಹಿಡಕೊಂಡು, ನನ್ನಿಂದ ತಪ್ಪಾತು ಅಂತ ಅತ್ತಿದ್ನಲ್ರಿ. ಕಣ್ಣು ಮುಚ್ಚಿದ್ರಿ ನೀವು. ಎಚ್ಚರ ಇತ್ತೇನು?"

ಇಂಜೆಕ್ಷನ್ನಿನ ಮಂಪರು ಎಂದಿದ್ದರೆ ನಂಬುತ್ತಿದ್ದಳು. ಆ ಮಾತು ಬಾಯಿಯ ತನಕ ಬಂದೂ ಇತ್ತು.

"ಇತ್ತು" ಅಂದೆ.

ಅವಳು ತಲೆಯಾಡಿಸಿದಳು. ಪಕ್ಕದ ಸೀಟಿನ ಮೇಲಿದ್ದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಕೂರಲು ಜಾಗ ಮಾಡಿಕೊಟ್ಟಳೋ, ಚೀಲ ಬೀಳದಿರಲೆಂದು ಎತ್ತಿಕೊಂಡಳೋ, ಕೇಳುವ ಹಕ್ಕು ನನಗಿರಲಿಲ್ಲ. ಹಿಂದಿನ ಸಾಲಿನವರಿಗೆ ಟಿಕೆಟ್ ಕೊಡಲು ಹೋದೆ.