ದನಿ ತೆಗೆದು ಓದುತ್ತಿದ್ದ ಅಕ್ಕ

ನಿನ್ನೆ ಗುಬ್ಬಿ ಸಂತೆಯಿಂದ ತಂದ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಬೆರಳಿಗೆ ಹತ್ತಿದ ಸೊಗಡು ಮೂಗಿಗೆ ಬಡಿಯಿತು ನೋಡಿ, ತುಮಕೂರಿನ ಮರಳೂರಿನಲ್ಲಿದ್ದ ಆ ಬಾಡಿಗೆ ರೂಮು ಕಣ್ಣ ಮುಂದೆ ಬಂದುಬಿಟ್ಟಿತು. ಕಾಲೇಜು ಓದುವ ನಾಲ್ವರು ಹುಡುಗಿಯರು ಅಲ್ಲಿದ್ದೆವು. ಸಂಜೆ ಮೂವರು ಕಾಯಿ ಸುಲಿಯುವುದು, ಅಕ್ಕ ಇಂಗ್ಲಿಷ್ ಕಾದಂಬರಿ ಓದುವುದು...

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಕೊತ್ತಗೆರೆಯವಳು, ಡಿಗ್ರಿಯಲ್ಲಿ ನನಗಿಂತ ಮುಂದಿದ್ದವಳು. ಒಂದು ಸಾಲು ಜೋರಾಗಿ ಇಂಗ್ಲಿಷಿನಲ್ಲಿ ಓದಿ, ಅದನ್ನೇ ತನ್ನೂರಿನ ಮಾತಲ್ಲಿ ಹೇಳುತ್ತಿದ್ದಳು. "ಬಾಗ್ಲು ತೆಗುದ್ಲು ಕಣ್ರೇ. ಒಳ್ಗೆ ಯಾರೂ ಇಲ್ಲ." ನಮ್ಮ ಕೈ ಅಲ್ಲೇ ನಿಲ್ಲುತ್ತಿತ್ತು. ಗೊತ್ತಿಲ್ಲದ ಪದ ಬಂದರೆ ನಾಲ್ವರೂ ಜಗಳವಾಡಿ ಒಂದು ಅರ್ಥಕ್ಕೆ ಬರಬೇಕು. ಅಲ್ಲಿಯವರೆಗೆ ಪುಟ ತಿರುಗಿಸುವಂತಿಲ್ಲ.

ಕ್ಲಾಸಿನ ಹುಡುಗರ ದಾರಿಯೇ ಬೇರೆ. ಪರೀಕ್ಷೆಯಲ್ಲಿ ಕೊಟ್ಟ ಪ್ಯಾಸೇಜನ್ನು ಅವರು ಓದುತ್ತಲೇ ಇರಲಿಲ್ಲ. ಮೊದಲು ಪ್ರಶ್ನೆ ನೋಡಿ, ಅದರಲ್ಲಿನ ಪದ ಎಲ್ಲಿದೆ ಎಂದು ಹುಡುಕಿ, ಆ ಸಾಲನ್ನು ಎತ್ತಿ ಬರೆದು ಟೀ ಕುಡಿಯಲು ಹೊರಡುತ್ತಿದ್ದರು. ಹೆಣ್ಣುಮಕ್ಕಳು ಒಂದೊಂದು ಪದ ಹಿಡಿದು ಕೂರುತ್ತಾರೆ, ಗಂಡುಮಕ್ಕಳು ಹಾರಿಕೊಂಡು ಹೋಗುತ್ತಾರೆ ಎಂದು ಇಂಗ್ಲಿಷ್ ಮೇಷ್ಟ್ರು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹುಡುಗ ತಪ್ಪು ಊಹಿಸಿದರೆ ಕ್ಲಾಸು ನಕ್ಕು ಸುಮ್ಮನಾಗುತ್ತಿತ್ತು. ನಾವು ತಪ್ಪಿದರೆ ಆ ಮಾತು ಮನೆಯವರೆಗೆ ಹೋಗುತ್ತಿತ್ತು. ಹಾರುವ ಧೈರ್ಯ ಎಲ್ಲಿಂದ ಬರಬೇಕು, ಹೇಳಿ.

ಅಕ್ಕ ಇಂಗ್ಲಿಷ್ ಪೇಪರಿನಲ್ಲಿ ಫೇಲಾದಳು. ತುಟಿಯಾಡಿಸುತ್ತ ಪ್ಯಾಸೇಜನ್ನು ಪೂರ್ತಿ ಓದುವಷ್ಟರಲ್ಲಿ ಹೊತ್ತು ಮೀರಿತ್ತಂತೆ. ಇನ್ನೊಂದು ಸಲ ಪರೀಕ್ಷೆ ಕಟ್ಟು, ಅದೂ ಹೋದರೆ ಬಿ.ಎಡ್. ಮಾತು ಬಿಟ್ಟು ಊರಿಗೆ ಬಾ ಎಂದು ಅವಳಪ್ಪ ಕಡ್ಡಿ ತುಂಡು ಮಾಡಿದಂತೆ ಹೇಳಿದರು. ಟೀಚರ್ ಆಗಬೇಕೆಂಬುದೊಂದೇ ಅವಳ ಆಸೆ. ಅವತ್ತಿನಿಂದ ಹುಡುಗರ ದಾರಿ ಹಿಡಿದಳು, ಕ್ಲಾಸಿನವನೊಬ್ಬನನ್ನು ಕೇಳಿಯೇ ಕಲಿತಳು. ತುಟಿ ಅಲುಗದಿರಲೆಂದು ದುಪಟ್ಟಾದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂರುತ್ತಿದ್ದಳು. ರೂಮು ಬಿಕೋ ಎನ್ನುತ್ತಿತ್ತು. ಕಾದಂಬರಿ ಅರ್ಧಕ್ಕೆ ನಿಂತಿತ್ತು. ಪರೀಕ್ಷೆ ಮುಗಿಯಲಿ ಅಂದುಕೊಂಡೆವು...

ಪಾಸಾದಳು, ಒಳ್ಳೆಯ ಮಾರ್ಕ್ಸಿನಲ್ಲೇ. ಕುಣಿದಾಡಿಬಿಟ್ಟೆವು. ಆ ಸಂಜೆಯೇ ಪುಸ್ತಕ ತಂದು ಅವಳ ಮುಂದಿಟ್ಟೆವು. ಎರಡು ಸಾಲು ಓದಿದಳು, ತಡವರಿಸಿದಳು, ಮತ್ತೆ ಮೊದಲಿನಿಂದ ಶುರು ಮಾಡಿದಳು.

"ಬಾಯಿ ಇಲ್ಲಿದ್ರೆ ಕಣ್ಣು ಮುಂದ್ಕೆ ಓಡೋಯ್ತದೆ ಕಣ್ರೇ. ಆಯ್ತಾ ಇಲ್ಲ, ಬುಡ್ರೇ," ಅಂದಳು. ನಕ್ಕೇ ಅಂದಳು. ನಾವೂ ನಕ್ಕೆವು, ನಾಳೆ ಸರಿಹೋಗುತ್ತದೆ ಅಂದುಕೊಂಡು. ಸರಿಹೋಗಲಿಲ್ಲ.

ಈಗ ಅವಳು ಕುಣಿಗಲ್ಲಿನಲ್ಲಿ ಟೀಚರ್. ನಾನು ಗುಬ್ಬಿಯಲ್ಲಿ ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಮೊದಲು ಪ್ರಶ್ನೆ ಓದಿ ಎಂದೇ ಹುಡುಗರಿಗೂ ಹುಡುಗಿಯರಿಗೂ ಹೇಳುತ್ತೇನೆ, ಹೇಳದೆ ವಿಧಿಯಿಲ್ಲ. ಇವತ್ತು ಬೆಳಿಗ್ಗೆ ಮನಸ್ಸು ತಡೆಯದೆ ಅವಳಿಗೆ ಫೋನ್ ಮಾಡಿದೆ. ಮಕ್ಕಳು, ಮನೆ, ಸ್ಕೂಲು ಎಲ್ಲ ಮಾತಾಯಿತು. ಆ ಕಾದಂಬರಿ ಆಮೇಲೆ ಓದಿದೆಯಾ ಅಕ್ಕ ಎಂದೆ. ಓದಿದೆ ಅಂದಳು. ಕೊನೆಗೆ ಏನಾಯಿತು ಎಂದು ಕೇಳಿದೆ.

"ಬೇಗ್‌ಬೇಗ ಓದ್ಬುಟ್ಟೆ ಕಣೇ. ಏನೂ ನೆನಪಿಲ್ಲ."

ಪಾಸಾಗಲೇಬೇಕಿತ್ತು, ಪಾಸಾದಳು. ಯಾರನ್ನು ಬೈಯಲಿ? ಫೋನಿಟ್ಟು ಸುಮ್ಮನೆ ಅತ್ತೆ.